ಎತೆಲ್ ಅದ್ನಾನ್: ಯುದ್ಧವನ್ನೂ ಬೆಟ್ಟವನ್ನೂ ಒಂದೇ ಕೈ ಬರೆದದ್ದು ಹೇಗೆ?

ಹೊಳೆಬದಿ ಅವರ ಪ್ರಶ್ನೆ:

ಎತೆಲ್ ಅದ್ನಾನ್ ಅವರ ಕಾದಂಬರಿ 'ಸಿತ್ ಮರೀ ರೋಸ್' ಅನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿದ ವಾರವೇ ಅವರ ವರ್ಣಚಿತ್ರಗಳ ಒಂದು ಪುಸ್ತಕ ನನ್ನ ಕೈಸೇರಿತು. ಅಂದಿನಿಂದ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡುತ್ತಿದ್ದೇನೆ. ಎರಡೂ ಒಬ್ಬರದೇ ಕೆಲಸವೆಂದು ಮನಸ್ಸನ್ನು ಒಪ್ಪಿಸುವುದು ನನಗೆ ಕಷ್ಟವಾಗುತ್ತಿದೆ.

ಕಾದಂಬರಿಯಲ್ಲಿ ಇರುವುದು ಲೆಬನಾನಿನ ಅಂತರ್ಯುದ್ಧದ ಬೈರೂತ್. ಕಿವುಡ ಮೂಗ ಮಕ್ಕಳಿಗೆ ಪಾಠ ಹೇಳುತ್ತಿದ್ದ, ಕ್ರೈಸ್ತಳಾಗಿದ್ದೂ ಪ್ಯಾಲೆಸ್ತೀನಿ ನಿರಾಶ್ರಿತರ ಪರವಾಗಿ ನಿಂತ ಹೆಂಗಸೊಬ್ಬಳನ್ನು ಅವಳದೇ ಸಮುದಾಯದ ಬಂದೂಕುಧಾರಿಗಳು ಹಿಡಿದೊಯ್ದು ಕೊಲ್ಲುತ್ತಾರೆ. ಇದು 1976ರಲ್ಲಿ ನಿಜವಾಗಿ ನಡೆದ ಕೊಲೆಯೊಂದನ್ನು ಆಧರಿಸಿದ ಕಥೆ ಎಂಬುದು ತಿಳಿದ ಮೇಲೆ ಆ ಪುಟಗಳನ್ನು ಮತ್ತೆ ತೆರೆಯಲು ನನಗೆ ಕೆಲವು ದಿನ ಧೈರ್ಯವಾಗಲಿಲ್ಲ. ಚಿತ್ರಗಳಲ್ಲಿಯಾದರೋ ಹಳದಿಯ ಆಕಾಶ, ಗುಲಾಬಿಯ ಇಳಿಜಾರು, ಹಸಿರು ಪಟ್ಟಿಯ ಮೇಲೆ ಸುಮ್ಮನೆ ಕುಳಿತ ಒಂದು ಕೆಂಪು ಚೌಕ. ಅಲ್ಲಿ ನೋವಿನ ಸುಳಿವೇ ಇಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರನ್ನು ಕಂಡಿದ್ದೇನೆ, ಆದರೆ ಈ ದೋಣಿಗಳು ಎರಡು ಬೇರೆ ಬೇರೆ ನದಿಗಳಲ್ಲಿ ತೇಲುತ್ತಿರುವಂತೆ ಕಾಣುತ್ತವೆ.

ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮೇಲಿನ ತರಗತಿಯ ಮಕ್ಕಳಿಗೆ ಇವರನ್ನು ಪರಿಚಯಿಸಬೇಕೆಂಬ ಆಸೆಯಿದೆ. ಅದಕ್ಕೆ ಮೊದಲು ಬಲ್ಲವರಿಂದ ಕೆಲವು ವಿಷಯ ತಿಳಿಯಬೇಕು. ಇವರನ್ನು ಚಿತ್ರವನ್ನೂ ಬರೆದ ಲೇಖಕಿ ಎನ್ನಬೇಕೇ, ಕವಿತೆಯನ್ನೂ ಬರೆದ ಕಲಾವಿದೆ ಎನ್ನಬೇಕೇ? ಎಂಬತ್ತೇಳನೆಯ ವಯಸ್ಸಿನಲ್ಲಿ 'ಪತ್ತೆಯಾದ' ಕಲಾವಿದೆ ಎಂದು ಎಲ್ಲರೂ ಬರೆಯುತ್ತಾರಲ್ಲ, ಅಷ್ಟು ವರ್ಷ ಇವರು ಎಲ್ಲಿದ್ದರು? ಇನ್ನು, ಊರಿಂದೂರಿಗೆ ಹೋಗುತ್ತಲೇ ಇದ್ದ ಇವರನ್ನು ಯಾವ ದೇಶದ ಕಲಾವಿದೆ ಎಂದು ಮಕ್ಕಳಿಗೆ ಹೇಳಲಿ?

ಮಸಿಕುಡಿಕೆ ಅವರ ಉತ್ತರ:

ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಭಾಷೆಯೇ ಅರ್ಧ ಉತ್ತರವನ್ನು ಇಟ್ಟುಕೊಂಡಿದೆ ಎನಿಸುತ್ತದೆ. ಕನ್ನಡದಲ್ಲಿ ನಾವು ಕವಿತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಅದ್ನಾನ್ ಅವರು ತಮ್ಮ ಬದುಕಿನುದ್ದಕ್ಕೂ ಮಾಡಿದ್ದು ಈ ಎರಡು ಅರ್ಥಗಳ ನಡುವಿನ ಓಡಾಟವನ್ನೇ, ಮತ್ತು ಅವರು ಅದಕ್ಕೆ ಇಳಿದದ್ದು ಹವ್ಯಾಸದಿಂದಲ್ಲ, ಭಾಷೆಯ ಇಕ್ಕಟ್ಟಿನಿಂದ.

ಅವರು ಹುಟ್ಟಿದ್ದು 1925ರ ಫೆಬ್ರವರಿ 24ರಂದು, ಬೈರೂತ್‌ನಲ್ಲಿ. ತಾಯಿ ಸ್ಮಿರ್ನಾದ, ಅಂದರೆ ಇಂದಿನ ಇಜ್ಮಿರ್‌ನ ಗ್ರೀಕ್ ಕ್ರೈಸ್ತ ಹೆಣ್ಣುಮಗಳು. ತಂದೆ ದಮಾಸ್ಕಸ್ಸಿನ ಮುಸಲ್ಮಾನ, ಒಟ್ಟೋಮನ್ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಸಾಮ್ರಾಜ್ಯ ಕುಸಿದು ತಂದೆಯ ಕೆಲಸ ಹೋಯಿತು, 1922ರ ಬೆಂಕಿಯಲ್ಲಿ ತಾಯಿಯ ಊರು ಸುಟ್ಟುಹೋಯಿತು. ಮಗಳು ಹುಟ್ಟುವ ಮೊದಲೇ ಮನೆಯಲ್ಲಿ ಇಬ್ಬರು ನೆಲೆ ತಪ್ಪಿದವರಿದ್ದರು. ಮನೆಮಾತು ಗ್ರೀಕ್ ಮತ್ತು ತುರ್ಕಿ. ಶಾಲೆಯ ಮಾತು ಫ್ರೆಂಚ್, ಏಕೆಂದರೆ ಲೆಬನಾನ್ ಆಗ ಫ್ರಾನ್ಸಿನ ಆಡಳಿತದಲ್ಲಿತ್ತು ಮತ್ತು ಅವರು ಓದಿದ್ದು ಫ್ರೆಂಚ್ ಸನ್ಯಾಸಿನಿಯರ ಶಾಲೆಯಲ್ಲಿ. ಅಲ್ಲಿ ಅರಬ್ಬಿ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಹೀಗಾಗಿ ಬೀದಿಯ ಮಾತಾದ ಅರಬ್ಬಿ ಅವರ ಕಿವಿಗೆ ಬಿತ್ತೇ ಹೊರತು ಕೈಗೆ ಬರಲಿಲ್ಲ. ಮಗಳಿಗೆ ಅರಬ್ಬಿ ಕಲಿಸಬೇಕೆಂದು ತಂದೆ ಒಂದು ಅರಬ್ಬಿ–ತುರ್ಕಿ ವ್ಯಾಕರಣ ಪುಸ್ತಕವನ್ನು ಮುಂದಿಟ್ಟು ಪುಟಗಟ್ಟಲೆ ನಕಲು ಮಾಡಿಸುತ್ತಿದ್ದರು. ಹುಡುಗಿ ಅರ್ಥ ತಿಳಿಯದೆ, ಆದರೆ ತುಂಬ ಇಷ್ಟಪಟ್ಟು, ಅಕ್ಷರಗಳನ್ನು ಬರೆಯುತ್ತಾ ಹೋಗುತ್ತಿದ್ದಳು. ಈ ಒಂದು ದೃಶ್ಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅವರ ಮೊದಲ ಕವಿತೆಗಳು ಫ್ರೆಂಚಿನವು. 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಸೋರ್ಬಾನ್‌ನಲ್ಲಿ ತತ್ತ್ವಶಾಸ್ತ್ರ ಓದಿದರು. 1955ರಲ್ಲಿ ಅಮೆರಿಕಕ್ಕೆ ಹೋಗಿ ಬರ್ಕ್ಲಿ ಮತ್ತು ಹಾರ್ವರ್ಡ್‌ನಲ್ಲಿ ಅಧ್ಯಯನ ಮುಂದುವರಿಸಿದರು. 1958ರಿಂದ 1972ರವರೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಊರಿನ ಡೊಮಿನಿಕನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಅವರಿಗೆ ವಹಿಸಿದ್ದ ಪಾಠಗಳಲ್ಲಿ ಕಲೆಯ ತತ್ತ್ವವೂ ಒಂದು. ಅದೇ ಕಾಲೇಜಿನ ಕಲಾ ವಿಭಾಗದ ಆ್ಯನ್ ಓಹ್ಯಾನ್‌ಲನ್ ಒಮ್ಮೆ, ಚಿತ್ರ ಬರೆಯದೆ ಕಲೆಯ ತತ್ತ್ವವನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿದರಂತೆ. ನನ್ನ ಕೈ ಒರಟು ಎಂದು ಅಮ್ಮ ಹೇಳುತ್ತಿದ್ದರು ಎಂದು ಇವರು ಉತ್ತರಿಸಿದಾಗ, ಅದನ್ನು ನೀವು ನಂಬಿಬಿಟ್ಟಿರಾ ಎಂದು ಆಕೆ ಮರುಪ್ರಶ್ನೆ ಹಾಕಿದರು. ಅದ್ನಾನ್ ಕುಂಚ ಹಿಡಿದದ್ದು ಅಲ್ಲಿಂದ, ಮೂವತ್ತನಾಲ್ಕು ಮೂವತ್ತೈದರ ವಯಸ್ಸಿನಲ್ಲಿ. ಚಿತ್ರಕಲಾ ಶಿಕ್ಷಕರಾದ ನಿಮಗೆ ಈ ಪ್ರಸಂಗದ ಬೆಲೆ ನಾನು ಹೇಳಬೇಕಾಗಿಲ್ಲ.

ಆದರೆ ಆ ಹೊತ್ತಿಗೆ ಇನ್ನೊಂದು ಒತ್ತಡವೂ ಒಳಗೆ ಬೆಳೆದಿತ್ತು. ಅಲ್ಜೀರಿಯಾದಲ್ಲಿ ಫ್ರಾನ್ಸಿನ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ ವರ್ಷಗಳವು. ಅರಬರನ್ನು ಕೊಲ್ಲುತ್ತಿರುವ ಆಳ್ವಿಕೆಯ ಭಾಷೆಯಲ್ಲಿ ತಾನು ಕವಿತೆ ಬರೆಯುವುದು ಹೇಗೆ ಎಂಬ ಸಂಕಟ ಅವರನ್ನು ಹಿಡಿಯಿತು. ಫ್ರೆಂಚನ್ನು ಬಿಡೋಣವೆಂದರೆ ಬರೆಯಬಲ್ಲ ಅರಬ್ಬಿ ಕೈಯಲ್ಲಿಲ್ಲ. ಆಗ ಅವರು ಕಂಡುಕೊಂಡ ಉಪಾಯವೇ ಬಣ್ಣ. ಇನ್ನು ಫ್ರೆಂಚಿನಲ್ಲಿ ಬರೆಯಬೇಕಾಗಿಲ್ಲ, ಅರಬ್ಬಿಯಲ್ಲಿ ಚಿತ್ರಿಸುತ್ತೇನೆ ಎಂಬ ಅರ್ಥದ ಮಾತನ್ನು, ವಿದೇಶಿ ಭಾಷೆಯಲ್ಲಿ ಬರೆಯುವುದನ್ನು ಕುರಿತ ತಮ್ಮ ಪ್ರಬಂಧದಲ್ಲಿ ಅವರೇ ದಾಖಲಿಸಿದ್ದಾರೆ. ನಮ್ಮ ಎ.ಕೆ. ರಾಮಾನುಜನ್ ಅವರು ಶಿಕಾಗೊದಲ್ಲಿದ್ದುಕೊಂಡೂ ಕನ್ನಡದಲ್ಲಿ ಕವಿತೆ ಬರೆಯಬಲ್ಲವರಾಗಿದ್ದರು. ಹಿಂದಿರುಗಿ ನೋಡಿದರೆ ಅವರಿಗೊಂದು ಲಿಪಿಯಿತ್ತು. ಅದ್ನಾನ್ ಅವರಿಗೆ ಆ ಬಾಗಿಲನ್ನು ಬಾಲ್ಯದಲ್ಲಿಯೇ ಮುಚ್ಚಲಾಗಿತ್ತು. ಅದಕ್ಕಾಗಿಯೇ ಅವರ ಚಿತ್ರಗಳನ್ನು ನಾನು ಲೇಖಕಿಯ ಬಿಡುವಿನ ಕೆಲಸವೆಂದು ನೋಡಲಾರೆ. ಅವು ಅವರಿಗೆ ಸಿಗದೆ ಹೋದ ಭಾಷೆಯ ಜಾಗದಲ್ಲಿ ಬಂದು ಕುಳಿತವು.

ಕವಿತೆ ಮತ್ತೆ ಬಂದದ್ದೂ ಇನ್ನೊಂದು ಯುದ್ಧದಿಂದಲೇ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಮೆರಿಕದ ಕವಿಗಳು ಬರೆಯುತ್ತಿದ್ದಾಗ ಇವರೂ ಇಂಗ್ಲಿಷಿನಲ್ಲಿ ಒಂದು ಕವಿತೆ ಬರೆದು ಸಣ್ಣ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಅದು ಅಚ್ಚಾಯಿತು, ಅವರು ಇಂಗ್ಲಿಷಿನ ಕವಿಯಾದರು. ಒಂದು ಭಾಷೆಯನ್ನು ಯುದ್ಧದ ಕಾರಣಕ್ಕೆ ಬಿಟ್ಟು, ಮತ್ತೊಂದನ್ನು ಯುದ್ಧದ ಕಾರಣಕ್ಕೇ ಹಿಡಿದವರು ಇವರು.

ಈಗ ಆ ಬಾಲ್ಯದ ದೃಶ್ಯಕ್ಕೆ ಬರೋಣ. 1960ರ ದಶಕದಲ್ಲಿ ಅವರಿಗೆ ಜಪಾನಿನ ಮಡಿಕೆ ಪುಸ್ತಕಗಳು ಸಿಕ್ಕವು. ಬಿಚ್ಚುತ್ತಾ ಹೋದರೆ ಹಲವು ಅಡಿ ಉದ್ದಕ್ಕೆ ಹರಡಿಕೊಳ್ಳುವ, ಮಡಚಿದರೆ ಅಂಗೈಗೆ ಬರುವ ಇವನ್ನು ಲೆಪೊರೆಲ್ಲೊ ಎನ್ನುತ್ತಾರೆ. ಇವುಗಳಲ್ಲಿ ಅದ್ನಾನ್ ಇರಾಕಿನ ಬದ್ರ್ ಶಾಕಿರ್ ಅಲ್ ಸಯ್ಯಾಬ್ ಅವರಂಥ ಆಧುನಿಕ ಅರಬ್ಬಿ ಕವಿಗಳ ಕವಿತೆಗಳನ್ನು ಕೈಯಾರೆ ಬರೆದು, ಸಾಲುಗಳ ನಡುವೆ ಜಲವರ್ಣವನ್ನೂ ಮಸಿಯನ್ನೂ ಹರಿಸಿದರು. ಅದು ಲಿಪಿಕಾರರ ಸೊಗಸಾದ ಬರಹವಲ್ಲ, ಶಾಲಾ ಹುಡುಗಿಯ ಬಿಗಿಯಾದ ಅಕ್ಷರ. ಎಲ್ಲ ಪದಗಳ ಅರ್ಥವೂ ಅವರಿಗೆ ತಿಳಿದಿರಲಿಲ್ಲ, ತಿಳಿಯಲೇಬೇಕೆಂಬ ಹಟವನ್ನೂ ಅವರು ಇಟ್ಟುಕೊಂಡಿರಲಿಲ್ಲ. ಅಪ್ಪನೆದುರು ಕುಳಿತು ವ್ಯಾಕರಣ ನಕಲು ಮಾಡಿದ ಹುಡುಗಿಯ ಕೈಯೇ ಅದು. ಇದನ್ನು ಬರಹವೆನ್ನುವಿರೋ ಚಿತ್ರವೆನ್ನುವಿರೋ? ಕನ್ನಡದ ಮಕ್ಕಳಿಗೆ 'ಬರೆದದ್ದು' ಎಂದು ಹೇಳಿದರೆ ಸಾಕು.

ದೂರದ ಬೆಳಕು ಅವರ ಉತ್ತರ:

ನಾನು ಕೆಲಸದ ನಿಮಿತ್ತ ಅಮೆರಿಕದಲ್ಲಿ ನೆಲೆಸಿದವನು. 2021ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿ ಇವರ ಚಿತ್ರಗಳ ಪ್ರದರ್ಶನ ಆರಂಭವಾದಾಗ ಹೋಗಿ ನೋಡಿದ್ದೆ. ಅದೇ ಕಟ್ಟಡದ ಸುರುಳಿ ಹಾದಿಯಲ್ಲಿ ಕ್ಯಾಂಡಿನ್ಸ್ಕಿಯ ಚಿತ್ರಗಳೂ ಇದ್ದವು. ಪ್ರದರ್ಶನ ನಡೆಯುತ್ತಿದ್ದಾಗಲೇ, ನವೆಂಬರ್ 14ರಂದು, ಪ್ಯಾರಿಸ್ಸಿನಲ್ಲಿ ಅದ್ನಾನ್ ತೀರಿಕೊಂಡರು. ಅವರಿಗೆ ತೊಂಬತ್ತಾರು ವರ್ಷವಾಗಿತ್ತು.

ಪುಸ್ತಕದಲ್ಲಿ ನೋಡಿದವರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಬೇಕು. ಆ ಚಿತ್ರಗಳಲ್ಲಿ ಹೆಚ್ಚಿನವು ತುಂಬ ಚಿಕ್ಕವು, ತೊಡೆಯ ಮೇಲೆ ಇಟ್ಟುಕೊಂಡು ನೋಡಬಹುದಾದಷ್ಟು. ಅವರು ಕ್ಯಾನ್ವಾಸನ್ನು ನಿಲ್ಲಿಸುತ್ತಿರಲಿಲ್ಲ. ಮೇಜಿನ ಮೇಲೆ ಮಲಗಿಸಿ, ಕಾಗದದ ಮೇಲೆ ಬಗ್ಗಿ ಬರೆಯುವವರಂತೆ ಕುಳಿತು, ಟ್ಯೂಬಿನಿಂದ ನೇರವಾಗಿ ಹಿಂಡಿದ ಬಣ್ಣವನ್ನು ಚಪ್ಪಟೆ ಅಲಗಿನಿಂದ ಬಳಿಯುತ್ತಿದ್ದರು. ಸಾಮಾನ್ಯವಾಗಿ ಒಂದೇ ಸಲ ಕುಳಿತಾಗ ಚಿತ್ರ ಮುಗಿಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಅಲಗು ನಿಂತ ಜಾಗದಲ್ಲಿ ಬಣ್ಣದ ಸಣ್ಣ ದಂಡೆ ಎದ್ದಿರುವುದು ಕಾಣುತ್ತದೆ. ಒಂದು ಬಣ್ಣ ಇನ್ನೊಂದರೊಳಗೆ ಕರಗುವುದಿಲ್ಲ, ಬದುವಿನಾಚೆಗಿನ ಹೊಲದಂತೆ ಪಕ್ಕದಲ್ಲಿ ನಿಲ್ಲುತ್ತದೆ. ಅಂದು ನಾನು ಬಹಳ ಹೊತ್ತು ನಿಂತದ್ದು ಅಂಥ ಒಂದು ದಂಡೆಯ ಮುಂದೆ.

ನೀವು ಕೇಳಿದ ಮುಖ್ಯ ಪ್ರಶ್ನೆಗೆ, ಅಂದರೆ ಯುದ್ಧ ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಹೇಗೆ ಎಂಬುದಕ್ಕೆ, 'ದಿ ಅರಬ್ ಅಪೊಕಲಿಪ್ಸ್' ಎಂಬ ಕಾವ್ಯವನ್ನು ತೆರೆದು ನೋಡಿ. ಫ್ರೆಂಚಿನಲ್ಲಿ 1980ರಲ್ಲಿ ಬಂದದ್ದನ್ನು ಅವರೇ ಇಂಗ್ಲಿಷಿಗೆ ತಂದು 1989ರಲ್ಲಿ ಪ್ರಕಟಿಸಿದರು. ಅದರಲ್ಲಿ 59 ಭಾಗಗಳಿವೆ. ಬೈರೂತ್‌ನ ಹೊರವಲಯದ ತೆಲ್ ಅಲ್ ಝಾತರ್ ನಿರಾಶ್ರಿತರ ಶಿಬಿರವನ್ನು 1976ರಲ್ಲಿ ಮುತ್ತಿಗೆ ಹಾಕಿ ನಾಶ ಮಾಡಿದ ಘಟನೆ ಆ ಕಾವ್ಯದ ಬೆನ್ನೆಲುಬು. ಕಾವ್ಯ ತೆರೆದುಕೊಳ್ಳುವುದೇ ಸೂರ್ಯನಿಂದ. ಹಳದಿ ಸೂರ್ಯ, ಹಸಿರು ಸೂರ್ಯ, ಕೆಂಪು ಸೂರ್ಯ, ನೀಲಿ ಸೂರ್ಯ ಎಂದು ಅವನ ಬಣ್ಣ ಬದಲಾಗುತ್ತಾ ಹೋಗುತ್ತದೆ. ನೀವು ಚಿತ್ರಗಳಲ್ಲಿ ನೋವಿನ ಸುಳಿವಿಲ್ಲದೆ ಕಂಡ ಆ ಬಣ್ಣಗಳೇ ಇವು. ಸಾಲಿನ ನಡುವೆ ಮಾತು ಕಡಿದುಹೋದಲ್ಲೆಲ್ಲ ಮಸಿಯಲ್ಲಿ ಬರೆದ ಬಾಣ, ಸುರುಳಿ, ಗೀಚು, ಕಣ್ಣಿನಂಥ ಗುರುತುಗಳು ಬರುತ್ತವೆ. ಅವುಗಳನ್ನು ಗಟ್ಟಿಯಾಗಿ ಓದಲು ಬರುವುದಿಲ್ಲ. ಹೇಳಲಾಗದ್ದು ಎದುರಾದಾಗ ಕವಿಯ ಕೈ ಚಿತ್ರಕಾರಳ ಕೈಯಾಗುವುದು ಆ ಪುಟಗಳಲ್ಲಿ ಕಣ್ಣಿಗೇ ಕಾಣುತ್ತದೆ. ನೀವು ಹೇಳಿದ ಎರಡು ನದಿಗಳು ಕೂಡುವ ಜಾಗ ಇದೇ ಎಂದು ನನ್ನ ಭಾವನೆ.

ಹೊಳೆಬದಿ ಅವರ ಮರುಮಾತು:

ಇಬ್ಬರಿಗೂ ಮನಸಾರೆ ವಂದನೆಗಳು. ಅರ್ಥ ತಿಳಿಯದೆ ಅಕ್ಷರ ನಕಲು ಮಾಡುತ್ತಿದ್ದ ಹುಡುಗಿಯ ಚಿತ್ರ ನನ್ನನ್ನು ಬಿಡುತ್ತಿಲ್ಲ, ತರಗತಿಯನ್ನು ಅಲ್ಲಿಂದಲೇ ಆರಂಭಿಸುವೆ. ಆದರೂ ಎಂಬತ್ತೇಳನೆಯ ವಯಸ್ಸಿನ ಪ್ರಶ್ನೆ ಹಾಗೆಯೇ ಉಳಿಯಿತು. 1960ರ ಹೊತ್ತಿಗೇ ಚಿತ್ರ ಬರೆಯುತ್ತಿದ್ದವರನ್ನು ಜಗತ್ತು 2012ರವರೆಗೆ ಕಾಯಿಸಿದ್ದೇಕೆ? ಅದಲ್ಲದೆ, ಈ ತಡವಾದ ಮನ್ನಣೆಯ ಕಥೆಯನ್ನು ಮಕ್ಕಳಿಗೆ ತಾಳ್ಮೆಯ ಪಾಠವಾಗಿ ಹೇಳಬಹುದೇ ಎಂಬ ಅನುಮಾನವೂ ನನಗಿದೆ.

ಅಚ್ಚುಮೊಳೆ ಅವರ ಉತ್ತರ:

ತಾಳ್ಮೆಯ ಪಾಠವಾಗಿ ದಯವಿಟ್ಟು ಹೇಳಬೇಡಿ. ಅವರು ಮನ್ನಣೆಗಾಗಿ ಕಾಯುತ್ತಾ ಕುಳಿತವರಲ್ಲ. ಆ ಐವತ್ತು ವರ್ಷಗಳಲ್ಲಿ ತುಂಬು ಕೆಲಸವಿತ್ತು, ಓದುಗರಿದ್ದರು, ನೋಡುಗರಿದ್ದರು. ಇರಲಿಲ್ಲವಾದದ್ದು ಯುರೋಪು ಮತ್ತು ಅಮೆರಿಕದ ದೊಡ್ಡ ಸಂಗ್ರಹಾಲಯಗಳ ಗಮನ ಮಾತ್ರ. ಅದನ್ನು ಅವರ ವೃತ್ತಿಜೀವನದ ಆರಂಭವೆಂದು ಎಣಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

1960ರ ದಶಕದಿಂದಲೇ ಕ್ಯಾಲಿಫೋರ್ನಿಯಾದ ಸಣ್ಣ ಗ್ಯಾಲರಿಗಳಲ್ಲಿ ಅವರ ಚಿತ್ರಗಳು ಪ್ರದರ್ಶನಗೊಂಡಿದ್ದವು. ಈಜಿಪ್ಟಿನ ಹರಾನಿಯಾ ಗ್ರಾಮದಲ್ಲಿ ರಾಮ್ಸೆಸ್ ವೀಸಾ ವಾಸೆಫ್ ಅವರು ನಡೆಸುತ್ತಿದ್ದ ನೇಯ್ಗೆಯ ಕೇಂದ್ರವನ್ನು ಕಂಡ ಪ್ರೇರಣೆಯಿಂದ ಅವರು ನೇಯ್ದ ಚಿತ್ರಗಳಿಗೂ ವಿನ್ಯಾಸ ಮಾಡತೊಡಗಿದರು. 1972ರಲ್ಲಿ ಬೈರೂತ್‌ಗೆ ಹಿಂದಿರುಗಿ 'ಅಲ್ ಸಫಾ' ಎಂಬ ಫ್ರೆಂಚ್ ದಿನಪತ್ರಿಕೆಯ ಸಾಂಸ್ಕೃತಿಕ ಪುಟಗಳ ಸಂಪಾದಕಿಯಾದರು, ಬಳಿಕ 'ಲೋರಿಯಾನ್ ಲ ಝೂರ್' ಪತ್ರಿಕೆಗೆ ಬರೆದರು. ಆ ವರ್ಷಗಳ ಬೈರೂತ್ ಅರಬ್ ಜಗತ್ತಿನ ಪ್ರಕಾಶಕರು, ಕವಿಗಳು, ದೇಶಭ್ರಷ್ಟರು ಎಲ್ಲರೂ ಸೇರುತ್ತಿದ್ದ ಊರು. 1975ರಲ್ಲಿ ಅಂತರ್ಯುದ್ಧ ಆರಂಭವಾಗಿ ಅದೆಲ್ಲವೂ ಚೆದುರಿತು. ಅವರು ಪ್ಯಾರಿಸ್ಸಿಗೆ ಹೋಗಿ, ಫ್ರೆಂಚನ್ನು ಮತ್ತೆ ಕೈಗೆತ್ತಿಕೊಂಡು 'ಸಿತ್ ಮರೀ ರೋಸ್' ಬರೆದರು.

ಇಲ್ಲಿ ಒಬ್ಬರ ಹೆಸರನ್ನು ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ. ದಮಾಸ್ಕಸ್ಸಿನಲ್ಲಿ ಹುಟ್ಟಿದ ಕಲಾವಿದೆ ಸಿಮೋನ್ ಫತ್ತಾಲ್ ಅವರನ್ನು ಅದ್ನಾನ್ ಬೈರೂತ್‌ನಲ್ಲಿ 1972ರಲ್ಲಿ ಕಂಡರು. ಅಂದಿನಿಂದ ಕೊನೆಯವರೆಗೆ ಇಬ್ಬರೂ ಬಾಳ ಸಂಗಾತಿಗಳಾಗಿದ್ದರು. ಮುಂದೆ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ ನೆಲೆಸಿದಾಗ ಫತ್ತಾಲ್ 1982ರಲ್ಲಿ ಪೋಸ್ಟ್–ಅಪೋಲೊ ಪ್ರೆಸ್ ಎಂಬ ಪುಟ್ಟ ಪ್ರಕಾಶನವನ್ನು ಆರಂಭಿಸಿದರು. 'ಸಿತ್ ಮರೀ ರೋಸ್' ಕಾದಂಬರಿಯ ಇಂಗ್ಲಿಷ್ ಅನುವಾದ ಬಂದದ್ದು ಅಲ್ಲಿಂದ, 'ದಿ ಅರಬ್ ಅಪೊಕಲಿಪ್ಸ್' ಬಂದದ್ದು ಅಲ್ಲಿಂದ, ಅವರು ಬರೆದ ಬೆಟ್ಟವೊಂದನ್ನು ಕುರಿತ ಗದ್ಯ ಪುಸ್ತಕ ಬಂದದ್ದೂ ಅಲ್ಲಿಂದಲೇ. ನೀವು ಓದಿದ ಕಾದಂಬರಿ ಇಂಗ್ಲಿಷ್ ಓದುಗರನ್ನು ತಲುಪಿದ್ದು ಒಬ್ಬ ಶಿಲ್ಪಿ ತನ್ನ ಸಂಗಾತಿಯ ಬರಹವನ್ನು ನಂಬಿ ಕಟ್ಟಿದ ಒಂದು ಸಣ್ಣ ಅಚ್ಚುಮನೆಯ ಮೂಲಕ. ಸಣ್ಣ ಪ್ರಕಾಶನಗಳನ್ನೇ ನಂಬಿ ಬೆಳೆದ ಕನ್ನಡದ ಓದುಗರಿಗೆ ಇದರ ತೂಕ ಚೆನ್ನಾಗಿ ತಿಳಿಯುತ್ತದೆ. ನನ್ನ ಬದುಕಿನ ಹೆಚ್ಚು ಭಾಗ ಕಳೆದದ್ದು ಮುದ್ರಣದ ಕೆಲಸದಲ್ಲಿ, ಆದ್ದರಿಂದ ಫತ್ತಾಲ್ ಅವರ ಹೆಸರು ಎಲ್ಲಿಯಾದರೂ ಬಿಟ್ಟುಹೋದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

2012ರಲ್ಲಿ ನಡೆದದ್ದು ಇಷ್ಟು: ಜರ್ಮನಿಯ ಕಾಸೆಲ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಡಾಕ್ಯುಮೆಂಟಾ ಮಹಾಪ್ರದರ್ಶನದ ಹದಿಮೂರನೆಯ ಆವೃತ್ತಿಗೆ ಅದರ ನಿರ್ದೇಶಕಿ ಕ್ಯಾರೊಲಿನ್ ಕ್ರಿಸ್ಟೋವ್ ಬಕಾರ್ಜೀವ್ ಅವರು ಅದ್ನಾನ್ ಅವರ ಚಿಕ್ಕ ಚಿತ್ರಗಳನ್ನು ಒಟ್ಟಾಗಿ ಇರಿಸಿದರು. ಜಗತ್ತಿನ ಕಣ್ಣು ತೆರೆದದ್ದು ಆಗ. ಅಲ್ಲಿಂದ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ 2014ರ ದ್ವೈವಾರ್ಷಿಕ ಪ್ರದರ್ಶನ, 2016ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ, ಕೊನೆಗೆ ಗುಗನ್‌ಹೈಮ್. 'ಟೈಮ್' ಎಂಬ ಕವನ ಸಂಕಲನದ ಇಂಗ್ಲಿಷ್ ಅನುವಾದಕ್ಕೆ 2020ರಲ್ಲಿ ಗ್ರಿಫಿನ್ ಕಾವ್ಯ ಪ್ರಶಸ್ತಿಯೂ ಬಂತು. ತಡವೇಕಾಯಿತು ಎಂಬುದಕ್ಕೆ ನನಗೆ ತೋಚುವ ಕಾರಣ ಅವರ ಚಿತ್ರಗಳಲ್ಲಿಲ್ಲ. ಅರಬ್ ಕಲೆಯ ಚರಿತ್ರೆಯನ್ನು ಬರೆಯುವವರಿಗೆ ಅವರು ಕ್ಯಾಲಿಫೋರ್ನಿಯಾದವರು, ಅಮೆರಿಕದ ಕಲೆಯ ಚರಿತ್ರೆಗೆ ಅವರು ಅರಬ್ ಲೇಖಕಿ, ಸಾಹಿತ್ಯದವರಿಗೆ ಚಿತ್ರ ಅವರ ಎರಡನೆಯ ಕೆಲಸ, ಮತ್ತು ದೊಡ್ಡ ಕ್ಯಾನ್ವಾಸಿಗೇ ಬೆಲೆ ಕೊಡುತ್ತಿದ್ದ ಕಾಲದಲ್ಲಿ ಮೇಜಿನ ಮುಂದೆ ಕುಳಿತು ಬರೆದ ಅಂಗೈಯಗಲದ ಚಿತ್ರವನ್ನು ಗಂಭೀರವಾಗಿ ನೋಡುವವರು ಕಡಿಮೆ. ಹೆಣ್ಣು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಯಾವ ಕಪಾಟಿನಲ್ಲಿ ಇಡಬೇಕೆಂದು ತಿಳಿಯದ ಪುಸ್ತಕ ಹೊರಗೇ ಉಳಿಯುವಂತೆ ಅವರು ಉಳಿದರು.

ಮಸಿಕುಡಿಕೆ ಅವರ ಸೇರ್ಪಡೆ:

ಅಚ್ಚುಮೊಳೆಯವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಉಳಿದಿರುವ ದೇಶದ ಪ್ರಶ್ನೆಗೆ ಒಂದು ಮಾತು ಸೇರಿಸುವೆ.

ಅವರನ್ನು 'ವಲಸಿಗ ಕಲಾವಿದೆ' ಎಂದು ಒಂದೇ ಪದದಲ್ಲಿ ಕರೆಯುವಾಗ ಸ್ವಲ್ಪ ಎಚ್ಚರ ಬೇಕು. 1949ರಲ್ಲಿ, 1955ರಲ್ಲಿ ಅವರು ಊರು ಬಿಟ್ಟದ್ದು ಓದಿಗಾಗಿ, ಸ್ವಂತ ಇಚ್ಛೆಯಿಂದ. ಅಂತರ್ಯುದ್ಧದ ನಡುವೆ ಬಿಟ್ಟದ್ದು ಬೇರೆ ಬಗೆಯ ಹೊರಡುವಿಕೆ. ಅವರ ತಾಯಿ ಸ್ಮಿರ್ನಾವನ್ನು ಕಳೆದುಕೊಂಡದ್ದಂತೂ ಇವೆರಡರ ಸಾಲಿಗೂ ಸೇರದ್ದು. ಈ ಮೂರನ್ನೂ 'ವಲಸೆ' ಎಂಬ ಒಂದೇ ಚೀಲಕ್ಕೆ ತುಂಬಿದರೆ ಮಕ್ಕಳಿಗೆ ವ್ಯತ್ಯಾಸ ತಿಳಿಯದೆ ಹೋಗುತ್ತದೆ. ನಕ್ಷೆಯ ಮೇಲೆ ಬೈರೂತ್, ಪ್ಯಾರಿಸ್, ಸಾಸಲಿಟೊ ಎಂದು ಮೂರು ಚುಕ್ಕಿ ಇಟ್ಟು, ಪ್ರತಿಯೊಂದು ಗೆರೆಯ ಪಕ್ಕದಲ್ಲಿ ಆಗ ಅವರ ಕೈಯಲ್ಲಿದ್ದ ಭಾಷೆ ಯಾವುದೆಂದು ಬರೆಸಿ ನೋಡಿ. ದೇಶದ ಹೆಸರಿಗಿಂತ ಅದು ಹೆಚ್ಚು ಹೇಳೀತು.

ಇನ್ನು ಬೆಟ್ಟ. ನೀವು ಪುಸ್ತಕದಲ್ಲಿ ಕಂಡ ಆ ಗುಲಾಬಿಯ ಇಳಿಜಾರು ಬಹುಶಃ ತಮಾಲ್ಪಾಯಿಸ್. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಹೋದರೆ ಸಿಗುವ, ಎಂಟುನೂರು ಮೀಟರಿಗೂ ತುಸು ಕಡಿಮೆ ಎತ್ತರದ ಬೆಟ್ಟ ಅದು, ನಮ್ಮ ಪಶ್ಚಿಮ ಘಟ್ಟದವರ ಕಣ್ಣಿಗೆ ಗುಡ್ಡವೆಂದೇ ಅನಿಸಬಹುದಾದದ್ದು. ಅದನ್ನು ಅವರು ದಶಕಗಳ ಕಾಲ ಬೆಳಗು, ಬೈಗು, ಮಂಜು, ಬಿಸಿಲುಗಳಲ್ಲಿ ಮತ್ತೆ ಮತ್ತೆ ಬರೆದರು. 1986ರಲ್ಲಿ 'ಜರ್ನಿ ಟು ಮೌಂಟ್ ತಮಾಲ್ಪಾಯಿಸ್' ಎಂಬ ಗದ್ಯ ಪುಸ್ತಕವನ್ನೂ ಅದರ ಮೇಲೆಯೇ ಬರೆದರು. ಬೈರೂತ್‌ನ ಬಗ್ಗೆ ಅಂಥ ಪುಟಗಳನ್ನು ಬರೆದವರು ದಿನವೂ ನೋಡುತ್ತಿದ್ದದ್ದು ಈ ಬೆಟ್ಟವನ್ನು. ನೋವು ಚಿತ್ರಗಳಿಂದ ಕಾಣೆಯಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಆ ನೋವನ್ನು ಬರೆಯಲು ಕುಳಿತವರಿಗೆ ಕಾಲೂರಲು ಒಂದು ನೆಲ ಬೇಕಾಗಿತ್ತು.

ಕೊನೆಯ ವರ್ಷಗಳಲ್ಲಿ ಅವರು ಇದ್ದದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿನ ಕಿಟಕಿಯಿಂದ ಯಾವ ಬೆಟ್ಟವೂ ಕಾಣುವುದಿಲ್ಲ. ಮೇಜಿನ ಮೇಲೆ ಚಿಕ್ಕ ಕ್ಯಾನ್ವಾಸನ್ನು ಮಲಗಿಸಿಕೊಂಡು, ತಮಾಲ್ಪಾಯಿಸ್ ಬೆಟ್ಟವನ್ನು ಅವರು ನೆನಪಿನಿಂದ ಬರೆಯುತ್ತಲೇ ಇದ್ದರು.